ಅಪ್ಪ ಎತ್ತಿದ ತಟ್ಟೆ

ಮಗಳು ಎಸೆಸೆಲ್ಸಿ ಪಾಸಾದಳು ಅಂತ ಮನೆಮಂದಿಯೆಲ್ಲ ಮೈಸೂರಿನ ಒಂದು ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ತೀರಾ ದೊಡ್ಡದಲ್ಲ, ತೀರಾ ಸಣ್ಣದೂ ಅಲ್ಲ. ಮೇಷ್ಟ್ರುಗಳು, ಗುಮಾಸ್ತರು ಭಾನುವಾರ ಹೆಂಡತಿ ಮಕ್ಕಳ ಜೊತೆ ಹೋಗಿ ಕೂರುವಂಥದ್ದು. ಮಗಳು ಗೋಬಿ ಮಂಚೂರಿ, ನಾನ್, ಪನ್ನೀರ್ ಅಂತ ಹೇಳುತ್ತಾ ಹೋದಳು. ಅಪ್ಪ ಅನ್ನ ಸಾರು ಸಾಕು ಅಂದ. ಉಂಡಿದ್ದಾಯಿತು. ಆದದ್ದೇ ತಡ, ಅಪ್ಪ ತನ್ನ ತಟ್ಟೆ ಲೋಟ ಎರಡನ್ನೂ ಎತ್ತಿಕೊಂಡು ಎದ್ದು ನಿಂತು, ನಲ್ಲಿ ಎಲ್ಲಿದೆ ಅಂತ ಸುತ್ತ ನೋಡಿದ.

ಸಪ್ಲೈಯರ್ ಓಡಿ ಬಂದ. 'ಯಜಮಾನ್ರೇ, ಇಡಿ ಇಡಿ, ಹುಡುಗ ಎತ್ಕತಾನೆ' ಅಂದ. ಎರಡು ಟೇಬಲ್ ಆಚೆ ನಮ್ಮ ಸ್ಕೂಲಿನ ಇನ್ನೊಬ್ಬ ಮೇಷ್ಟ್ರು ಸಂಸಾರ ಸಮೇತ ಕೂತಿದ್ದರು. ಅವರು ನೋಡಿದರು, ನೋಡಿ ನಕ್ಕರು. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವೇನೋ. ಆದರೆ ನನ್ನ ಮೈಯೆಲ್ಲ ಬೆಂಕಿಯಾಯಿತು. ಅಪ್ಪನ ರಟ್ಟೆ ಹಿಡಿದು ಎಳೆದು, 'ಇಡಪ್ಪ ಅದನ್ನ ಕೆಳಗೆ' ಅಂದೆ. ಆ ದನಿ ನನಗೆ ಗೊತ್ತಿದ್ದ ದನಿ.

ಅದನ್ನು ನಾನು ಕೇಳಿದ್ದು ಊರಿನ ಟೀ ಅಂಗಡಿ ಮುಂದೆ, 1985ರ ಸುಮಾರಿಗೆ. ಅಲ್ಲಿ ಕೇರಿಯವರ ಲೋಟ ಬೇರೆ ಇತ್ತು. ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿದ್ದರು. ಅಪ್ಪ ಅದನ್ನು ತೆಗೆದು, ತೊಳೆದು, ನೆಲದ ಮೇಲಿಟ್ಟು ದೂರ ಸರಿಯಬೇಕು. ಅಂಗಡಿಯವನು ಮೇಲಿಂದ ಟೀ ಹುಯ್ಯುತ್ತಿದ್ದ. ಕುಡಿದಾದ ಮೇಲೆ ಮತ್ತೆ ತೊಳೆದು ಅಲ್ಲೇ ಸಿಕ್ಕಿಸಬೇಕು. ಒಂದು ದಿನ ಮರೆತರೆ, 'ಎತ್ತೋ ಅದನ್ನ' ಅಂತ ಕೂಗು ಬೀಳುತ್ತಿತ್ತು. ಅವನು ಎತ್ತು ಅಂದ, ನಾನು ಇಡು ಅಂದೆ. ಅಪ್ಪನ ಕೈ ಮಾತ್ರ ಅದೇ. ನಲವತ್ತು ವರ್ಷದಲ್ಲಿ ಆ ಕೈಗೆ ಏನು ಬೇಕು ಅಂತ ನಾವಿಬ್ಬರೂ ಕೇಳಲಿಲ್ಲ.

ಕಾನೂನು ಇರಲಿಲ್ಲವೇ ಅಂದರೆ, ಇತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳ ಹೆಸರು ಹಿಡಿದೇ ಹೇಳುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, ಹೋಟೆಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಯನ್ನು ಬಳಸದಂತೆ ಅಸ್ಪೃಶ್ಯತೆಯ ನೆವದಲ್ಲಿ ತಡೆಯುವುದು ಅಪರಾಧ ಅಂತ ಬರೆಯಿತು. ಒಂದು ದೇಶ ಲೋಟದ ಬಗ್ಗೆ ಕಾನೂನು ಬರೆಯಬೇಕಾಯಿತು ಅಂದರೆ ಆ ದೇಶದ ಲೋಟ ಎಂಥದಿರಬೇಕು! ನಾನು ಆ ಸೂರಿನ ಲೋಟ ನೋಡುವಾಗ ಕಾಯ್ದೆಗೆ 30 ವರ್ಷ ತುಂಬಿತ್ತು.

ಪೇಟೆಯ ಹೋಟೆಲಿನಲ್ಲಿ ಸೂರಿನ ಲೋಟ ಇಲ್ಲ, ನಿಜ. ದುಡ್ಡು ಕೊಟ್ಟವನಿಗೆ ಖುರ್ಚಿ. ಇದು ಸಣ್ಣ ಮಾತಲ್ಲ. ಪೇಟೆಯನ್ನು ಬೈಯುವ ನಮ್ಮ ಕೆಲವು ಬುದ್ಧಿಜೀವಿ ಗೆಳೆಯರು ಒಂದು ದಿನ ಆ ಸೂರಿನ ಕೆಳಗೆ ನಿಂತಿದ್ದರೆ ಗೊತ್ತಾಗುತ್ತಿತ್ತು. ಆದರೆ ಈ ಸಮಾನತೆ ನಿಂತಿರುವುದು ಯಾತರ ಮೇಲೆ? ನನ್ನನ್ನು ಒಪ್ಪಿಕೊಂಡದ್ದರಿಂದಲ್ಲ, ನಾನು ಯಾರು ಅಂತ ಯಾರೂ ಕೇಳದ್ದರಿಂದ. ಅಮೆರಿಕದಲ್ಲಿ ಓದಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಬಾಬಾಸಾಹೇಬರು ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡದ್ದನ್ನು ತಾವೇ ಬರೆದಿದ್ದಾರೆ. ನೋಡಿಕೊಳ್ಳುವವನಿಗೂ ನಿಜ ಗೊತ್ತಿತ್ತು, ಬಾಡಿಗೆ ಆಸೆಗೆ ಒಪ್ಪಿದ. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳು ಮೆಟ್ಟಿಲು ಹತ್ತಿ ಬಂದು ಹೊರಗೆ ಹಾಕಿದರು. ದುಡ್ಡು ತೆರೆದ ಬಾಗಿಲಿನ ಆಯಸ್ಸು ಹೆಸರು ಗೊತ್ತಾಗುವ ತನಕ.

ನನ್ನ ನಾಚಿಕೆಯ ಬೇರೂ ಇದೇ. ಅಪ್ಪ ತಟ್ಟೆ ಎತ್ತಿದ ಕ್ಷಣ ನನ್ನ ಹೆಸರು ಅಲ್ಲಿ ಕೂಗಿದಂತಾಯಿತು. ಬಾಗಿಲಿನ ಮೇಲೆ 'ಶುದ್ಧ ಸಸ್ಯಾಹಾರಿ' ಅಂತ ಬೋರ್ಡಿತ್ತು. ನಮ್ಮ ಒಲೆ, ನಮ್ಮ ಗಡಿಗೆಯಲ್ಲಿ ಬೇಯುವುದನ್ನೆಲ್ಲ ಆ 'ಶುದ್ಧ'ದ ಹೊರಗೆ ಬಿಟ್ಟು ಒಳಗೆ ಬಂದಿದ್ದೆ. ಅಪ್ಪ ಅದನ್ನೆಲ್ಲ ಒಳಗೆ ತಂದುಬಿಟ್ಟ ಅನ್ನಿಸಿತು.

ಸಂಘಟನೆಯ ಗೆಳೆಯನೊಬ್ಬನಿಗೆ ಇದನ್ನು ಹೇಳಿದೆ. 'ನೀ ಮಾಡಿದ್ದೇ ಸರಿ ಕಣೋ. ಬಿಟ್ಟು ಏಳೋದಕ್ಕೆ ನಮಗೆ ಹಕ್ಕಿದೆ. ಎಂಜಲು ಎತ್ತೋದನ್ನ ನಿಲ್ಲಿಸೋಕೇ ಅಲ್ವಾ ಹೋರಾಟ ಮಾಡಿದ್ದು' ಅಂದ. ಸುಳ್ಳಲ್ಲ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು, ಬೇರೆಯವರು ಎಸೆದ ತುಣುಕು ತಿನ್ನುವುದನ್ನು ಬಿಡಿ ಅಂದರು. ಆದರೆ ಬೇರೆಯವರ ಎಂಜಲು ಬೇರೆ, ತನ್ನ ಎಂಜಲು ಬೇರೆ. ನಾನು ಬಿಟ್ಟು ಎದ್ದ ತಟ್ಟೆ ಮಾಯವಾಗಲಿಲ್ಲ. ಹದಿನೆಂಟು ತುಂಬಿತ್ತೋ ಇಲ್ಲವೋ, ಒಬ್ಬ ಹುಡುಗ ಬಂದು ಪ್ಲಾಸ್ಟಿಕ್ ಟಬ್ಬಿಗೆ ಬಳಿದುಕೊಂಡು ಹೋದ. ಅವನಿಗೆ ಸಂಬಳ ಇದೆ ಅನ್ನಬಹುದು. ಊರಿನಲ್ಲಿ ಸತ್ತ ದನ ಎತ್ತಿದ್ದಕ್ಕೂ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಅವನ ಜಾತಿ ಯಾವುದು ಅಂತ ನನ್ನ ಮನಸ್ಸು ಕೆದಕಿತು. ಅವನು ಗೌಡರ ಹುಡುಗನೇ ಆಗಿದ್ದರೆ ನನಗೆ ಸಮಾಧಾನ ಆಗುತ್ತಿತ್ತೇ? ಆಗುತ್ತಿತ್ತು ಅಂತಲೇ ಒಳಗಿನಿಂದ ಉತ್ತರ ಬಂತು. ಆ ಉತ್ತರಕ್ಕೆ ನಾನು ಹೆದರಿದೆ.

ಎತ್ತುವುದರಲ್ಲಿ ಹೀನ ಏನೂ ಇಲ್ಲ. ನೀನೇ ಎತ್ತಬೇಕು, ನಾನು ಎತ್ತಬಾರದು ಅನ್ನುವುದರಲ್ಲಿದೆ ಹೀನ. ಹಾಗಾದರೆ ಅಪ್ಪ ಎತ್ತಿದ್ದು ಯಾವುದು, ಹೆದರಿಕೆಯೋ, ಒಳ್ಳೆತನವೋ? ರಾತ್ರಿ ಜಗಲಿ ಮೇಲೆ ಕೂತಾಗ ಕೇಳಿಯೇಬಿಟ್ಟೆ.

'ಅವತ್ತು ಎತ್ದೆ ಇದ್ರೆ ಒದೀತಿದ್ರು, ಎತ್ದಿ. ಇವತ್ತು ಯಾರ್ಲಾ ಒದ್ದಾರು?' ಅಂದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, 'ಆ ಹುಡ್ಗುನ್ ಕೈ ನೋಡ್ದಾ? ನೀರಲ್ಲೇ ಇದ್ದು ಇದ್ದು ಬೆಳ್ಳುಗ್ ಸುಕ್ಕೋಗಿತ್ತು. ನೀ ಎಲ್ ನೋಡೀಯೆ, ಆ ಮೇಷ್ಟ್ರ ಮಕ ನೋಡ್ತಿದ್ದೆ' ಅಂದ.

ಅವ್ವ ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಆರು ವರ್ಷದಿಂದ ಆ ಮೇಷ್ಟ್ರೂ ನಾನೂ ಸ್ಕೂಲ್ ಬಿಟ್ಟ ಮೇಲೆ ಒಂದೇ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತೇವೆ, ಅದು ಅವಳಿಗೆ ಗೊತ್ತು. ಬರಿಯ ಸಹಪಂಕ್ತಿ ಭೋಜನದಿಂದ ಜಾತಿ ಸಾಯಲಿಲ್ಲ ಅಂತ 1936ರಲ್ಲೇ ಅಂಬೇಡ್ಕರ್ ಬರೆದದ್ದು ಅವಳಿಗೆ ಗೊತ್ತಿಲ್ಲ. ಬಾಗಿಲಿಗೆ ಬಂದು ನಿಂತು ಅಂದಳು: 'ಹೋಟ್ಲಲ್ಲಿ ಯಾರ್ ಬೇಕಾದ್ರೂ ಯಾರ್ ಜೊತೆ ಬೇಕಾದ್ರೂ ಉಣ್ತಾರೆ ಬುಡು. ಬರೋ ಭಾನ್ವಾರ ನಾಟಿಕೋಳಿ ಸಾರು ಮಾಡ್ತೀನಿ. ಆ ಮೇಷ್ಟ್ರು, ಅವ್ರೆಂಡ್ರು ಮಕ್ಳ ಊಟಕ್ ಕರೀ. ಉಂಡ್ ತಟ್ಟೆ ಬೇಕಾದ್ರೆ ನಾನೇ ಎತ್ತೀನಿ.'

ಅದಾಗಿ ಮೂರು ಭಾನುವಾರ ಕಳೆಯಿತು. ದಿನಾ ಸಂಜೆ ಕಾಫಿ ಕುಡಿಯುವಾಗ ಮಾತು ನಾಲಗೆ ತುದಿಗೆ ಬರುತ್ತದೆ. ನಾನಿನ್ನೂ ಕರೆದಿಲ್ಲ.