ಹಿಮದ ಮೇಲೆ ಇಳಿಯೋರ ಧರ್ಮ

ಒಬ್ಬರನ್ನು ಉಳಿಸೋಕೆ ಇನ್ನೊಬ್ಬರ ಪ್ರಾಣ ಪಣಕ್ಕಿಡೋದು ಧರ್ಮವೇ?

ನಮ್ಮ ಕಂಬೈನಲ್ಲೂರಿನ ಬಿಸಿಲಲ್ಲಿ ಹಿಮ ಎಲ್ಲಿ ಬಂತು? ಆದರೆ ಕೆಸರು ನಮಗೆ ಗೊತ್ತು. ಕೆಸರಲ್ಲಿ ಗಾಡಿ ಗಾಲಿ ಹೂತುಕೊಳ್ಳುತ್ತದೆ, ಮಟ್ಟ ಹೊಡೆಯೋ ಹಲಗೆ ಮೇಲೇ ಜಾರುತ್ತದೆ. ಆಳವಾದ ಹಿಮಕ್ಕೆ ಇಳಿಯೋ ಪುಟ್ಟ ವಿಮಾನಕ್ಕೂ ಹೀಗೇ ಕಾಲಿಗೆ ಉದ್ದ ಹಲಗೆ ಕಟ್ಟುತ್ತಾರೆ. 1946ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಗೌಲಿ ಹಿಮನದಿ ಮೇಲೆ ಅಮೆರಿಕದ ವಿಮಾನವೊಂದು ಬಿತ್ತು. ಅಂಥ ಎರಡು ಪುಟ್ಟ ವಿಮಾನಗಳು ಮತ್ತೆ ಮತ್ತೆ ಇಳಿದು, ಅದರಲ್ಲಿದ್ದ 12 ಜನರನ್ನೂ ಜೀವಸಹಿತ ತಂದವು.

ನಮ್ಮ ಕನ್ನಡದ ಮಗನ ಕಥೆಯೂ ಇದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು, ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಆರು ದಿನ ಅದರಡಿ ಇದ್ದರು. 19,000 ಅಡಿಗೂ ಎತ್ತರದ ಆ ಜಾಗದಿಂದ ಹೆಲಿಕಾಪ್ಟರಿನಲ್ಲಿ ಕೆಳಗೆ ತಂದರು. 11ನೇ ತಾರೀಖು ದಿಲ್ಲಿಯಲ್ಲಿ ತೀರಿಕೊಂಡರು.

ಹಾಗಂತ ಆ ಹಾರಾಟ ದಂಡವೇ? ಫಲ ನೋಡಿ ಧರ್ಮ ಅಳೆಯೋಕಾಗದು. ಬಿತ್ತೋನ ಕೈಲಿ ಮಳೆ ಇಲ್ಲ. ‘ನಾನು ಹೂತುಹೋದರೂ ನಮ್ಮವರು ಹುಡುಕಿಕೊಂಡು ಬರ್ತಾರೆ’ ಅನ್ನೋ ನಂಬಿಕೆ ಮೇಲೇ ಗಡಿ ಕಾಯೋನು ಅಲ್ಲಿ ನಿಂತಿರೋದು.

ಆದರೆ ಹೋಗೋನ ಧರ್ಮ ಬೇರೆ, ಕಳಿಸೋನ ಧರ್ಮ ಬೇರೆ. ಬೆಚ್ಚಗೆ ಕೂತು ‘ಹೋಗು’ ಅನ್ನೋದು ಸುಲಭ. ಬಾವಿಗೆ ಬಿದ್ದವರನ್ನು ತೆಗೆಯೋಕೆ ಇಳಿಯೋನ ನಡುವಿಗೆ ಹಗ್ಗ ಕಟ್ಟಿ, ಮೇಲಿಂದ ನಾವು ಹಿಡಿದುಕೊಳ್ಳಬೇಕು. ಹಾಗೇ ಮೋಡ, ಗಾಳಿ ನೋಡಿ ‘ಇವತ್ತು ಬೇಡ’ ಅಂತ ತಿರುಗಿ ಬಂದ ಹಾರಾಟಗಾರನನ್ನು ಹೇಡಿ ಅನ್ನಬಾರದು. ನಾಳೆ ಹೋಗೋಕೆ ಅವನೇ ಬೇಕು.