ಹೊಗೆಸೊಪ್ಪಿನ ಬೆಲೆಗಾಗಿ ಹರಕೆ ಹೊರಬಹುದೇ?

ಜೂನ್ 13ರಂದು ದೋರನಹಳ್ಳಿಯಲ್ಲಿ ನಡೆಯುವ ಸಂತ ಅಂತೋಣಿಯವರ ಹಬ್ಬಕ್ಕೆ ನೀವು ಒಮ್ಮೆಯಾದರೂ ಹೋಗಿರುತ್ತೀರಿ. ರೈತನೊಬ್ಬ ಹೊಲ ಉಳುವಾಗ ಸಂತರ ಮರದ ಪ್ರತಿಮೆ ನೇಗಿಲಿಗೆ ಸಿಕ್ಕಿತೆಂಬ ಐತಿಹ್ಯವುಳ್ಳ ಸ್ಥಳ ಅದು. ಆದ್ದರಿಂದ ರೈತರು ಅಲ್ಲಿಗೆ ಬಂದು ಮಳೆ ಬೆಳೆಗಾಗಿ ಬೇಡಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಹಬ್ಬದ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನ ನಾಟಿ ಮುಗಿದಿರುತ್ತದೆ, ಇಲ್ಲವೇ ಮುಗಿಯುತ್ತಾ ಬಂದಿರುತ್ತದೆ. ಈ ಸಲ ಸೊಪ್ಪಿಗೆ ಒಳ್ಳೆಯ ರೇಟು ಕೊಡಿಸಿ ಸ್ವಾಮಿ ಎಂದು ಬೇಡುತ್ತಾ ಹಚ್ಚುವ ಮೇಣದ ಬತ್ತಿಗಳು ಅಲ್ಲಿ ಎಷ್ಟಿರುತ್ತವೋ!

ಸಮುದಾಯ ಆರೋಗ್ಯವನ್ನು ಓದುತ್ತಿರುವ ವಿದ್ಯಾರ್ಥಿನಿಯಾದ ನನಗೆ ಈ ಬೇಡಿಕೆಯ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಹೊಗೆಸೊಪ್ಪು ಜಗತ್ತಿನಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂಥ ಬೆಳೆಗೆ ಒಳ್ಳೆಯ ಬೆಲೆ ಬರಲಿ ಎಂದು ದೇವರನ್ನು ಕೇಳುವುದು ಸರಿಯೇ?

ಉತ್ತರ ಸುಲಭ ಎಂದುಕೊಳ್ಳಬೇಡಿ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವನ್ನು ತೆರೆದರೆ 2290ನೇ ಸಂಖ್ಯೆಯಲ್ಲಿ ಹೊಗೆಸೊಪ್ಪಿನ ಮಾತು ಬರುತ್ತದೆ. ಊಟ, ಮದ್ಯ, ಔಷಧಿಗಳಂತೆ ಇದನ್ನೂ ಮಿತಿಮೀರಿ ಬಳಸಬಾರದು ಎಂಬುದು ಅದರ ಸಾರ. ಅದು ಹೇಳಿರುವುದು ಸೇದುವವನಿಗೆ. ಬೆಳೆಯುವವನ ಬಗ್ಗೆ ಅಲ್ಲಿ ಮಾತಿಲ್ಲ. 2017ರಲ್ಲಿ ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು ವ್ಯಾಟಿಕನ್ನಿನ ಅಂಗಡಿಯಲ್ಲಿ ಸಿಗರೇಟು ಮಾರುವುದನ್ನು ಮುಂದಿನ ವರ್ಷದಿಂದ ನಿಲ್ಲಿಸಲು ತೀರ್ಮಾನಿಸಿದರು. ಜನರ ಪ್ರಾಣವನ್ನು ಬೆಲೆಯಾಗಿ ತೆತ್ತು ಬರುವ ಲಾಭ ನ್ಯಾಯವಾದುದಲ್ಲ ಎಂಬುದು ಅವರ ಕಾರಣವಾಗಿತ್ತು. ಆ ಮಾತು ನನಗೆ ಬಹಳ ಹಿಡಿಸಿತು. ಆದರೆ ಒಂದು ಅಂಗಡಿಯ ಆದಾಯ ಬಿಡುವುದಕ್ಕೂ, ಎರಡು ಎಕರೆ ಮಳೆಯಾಶ್ರಿತ ಜಮೀನಿನಲ್ಲಿ ಮಗಳ ಕಾಲೇಜು ಫೀಸು, ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆ, ಸಹಕಾರ ಸಂಘದ ಸಾಲ ಮೂರನ್ನೂ ಕಾಣಬೇಕಾದವನು ತನ್ನ ಏಕೈಕ ಹಣದ ಬೆಳೆ ಬಿಡುವುದಕ್ಕೂ ವ್ಯತ್ಯಾಸವಿದೆ. ತಿಂಗಳ ಸಂಬಳ ಎಣಿಸುವವರು ರೈತನಿಗೆ ಈ ವಿಷಯದಲ್ಲಿ ಉಪದೇಶ ಮಾಡಹೊರಟರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ನಮ್ಮ ರೈತರು ಈ ಬೆಳೆಗೆ ಅಂಟಿಕೊಂಡಿರುವುದು ಬರೀ ದುರಾಸೆಯಿಂದಲ್ಲ. ಕೆಂಪು ಮರಳುಮಿಶ್ರಿತ ಭೂಮಿ, ನೆಚ್ಚಲಾಗದ ಮುಂಗಾರು. ಇವೆರಡನ್ನೂ ವರ್ಜೀನಿಯಾ ಹೊಗೆಸೊಪ್ಪು ತಾಳಿಕೊಳ್ಳುತ್ತದೆ. ನಾಗರಹೊಳೆ ಕಾಡಂಚಿನ ಹೊಲಗಳಲ್ಲಿ ರಾಗಿ, ಮುಸುಕಿನ ಜೋಳಗಳಿಗೆ ಆನೆಯೂ ಹಂದಿಯೂ ನುಗ್ಗುವಷ್ಟು ಸೊಪ್ಪಿನ ಹೊಲಕ್ಕೆ ಮೇಯಲು ನುಗ್ಗುವುದಿಲ್ಲ. ಹರಾಜಿಗೆ ಮಾರುಕಟ್ಟೆ ಇದೆ, ಮಾರಿದ ಹಣ ಬ್ಯಾಂಕಿಗೆ ಬರುತ್ತದೆ. ಶುಂಠಿ ಹಾಕಿ ನೋಡಿದವರಿಗೆ ಅದರ ರೋಗವೂ ಗೊತ್ತು, ಔಷಧಿ ಸಿಂಪಡಣೆಯ ಖರ್ಚೂ ಗೊತ್ತು, ಬೆಲೆಯ ಏರಿಳಿತವೂ ಗೊತ್ತು.

ಇನ್ನು ಸರ್ಕಾರದ ವಿಷಯ. 1975ರ ಕಾನೂನಿನಂತೆ ಹುಟ್ಟಿದ ತಂಬಾಕು ಮಂಡಳಿ ಬೆಳೆಗಾರನಿಗೆ ಲೈಸೆನ್ಸು ಕೊಡುತ್ತದೆ, ರಾಜ್ಯ ಎಷ್ಟು ಬೆಳೆಯಬೇಕೆಂದು ಪ್ರತಿವರ್ಷ ಗೊತ್ತುಮಾಡುತ್ತದೆ, ರಫ್ತಿಗೆ ದಾರಿ ಮಾಡುತ್ತದೆ. ಅದೇ ದೇಶದ ಆರೋಗ್ಯ ಇಲಾಖೆ 2016ರ ಏಪ್ರಿಲ್‌ನಿಂದ ಸಿಗರೇಟು ಪ್ಯಾಕಿನ ಮುಖದ ಶೇಕಡ 85 ಭಾಗವನ್ನು ಎಚ್ಚರಿಕೆಯ ಚಿತ್ರಕ್ಕೇ ಮೀಸಲಿಟ್ಟಿತು. 2004ರಲ್ಲಿ ಭಾರತ ಒಪ್ಪಿದ ವಿಶ್ವ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೇ ವಿಧಿಯಲ್ಲಿ ಬೆಳೆಗಾರರಿಗೂ ಕೂಲಿಗಳಿಗೂ ಬದಲಿ ಜೀವನೋಪಾಯ ಒದಗಿಸುವ ಮಾತಿದೆ. ಒಂದು ಕೈ ಬಿತ್ತು ಎನ್ನುತ್ತದೆ, ಇನ್ನೊಂದು ಕೈ ಹೆದರಿಸುತ್ತದೆ. ನಡುವೆ ನಿಂತ ರೈತನೊಬ್ಬನನ್ನೇ ಪಾಪಸಂಕೀರ್ತನೆಗೆ ಕಳುಹಿಸುವುದು ಯಾವ ನ್ಯಾಯ?

ಹಾಗೆಂದು 'ನಾನು ಬೆಳೆಯದಿದ್ದರೆ ಇನ್ನೊಬ್ಬ ಬೆಳೆಯುತ್ತಾನೆ' ಎಂಬ ಮಾತನ್ನೂ ನಾನು ಒಪ್ಪಲಾರೆ. ಲೆಕ್ಕದಲ್ಲಿ ಅದು ನಿಜವೇ ಇರಬಹುದು. ಆದರೆ ಪ್ರಪಂಚದಲ್ಲಿ ಯಾವ ಕೆಟ್ಟ ಕೆಲಸಕ್ಕೆ ತಾನೇ ಬದಲಿ ಜನ ಸಿಗುವುದಿಲ್ಲ? ಇನ್ನೊಬ್ಬ ಮಾಡುತ್ತಾನೆಂಬುದು ನನ್ನ ಕೈಯ ಲೆಕ್ಕವನ್ನು ತೀರಿಸುವುದಿಲ್ಲ.

ಇಷ್ಟಕ್ಕೂ ನಾವು ಈ ಪ್ರಶ್ನೆಯನ್ನು ಕೇಳುವಾಗ ಎಲ್ಲೋ ದೂರದ ದೇಶದಲ್ಲಿ ಸೇದುವವನ ಶ್ವಾಸಕೋಶವನ್ನಷ್ಟೇ ನೆನೆಯುತ್ತೇವೆ. ಹತ್ತಿರದ ದೇಹ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಜುಲೈ, ಆಗಸ್ಟ್ ತಿಂಗಳ ಒಂದು ಬೆಳಗನ್ನು ನೆನೆದುಕೊಳ್ಳಿ. ರಾತ್ರಿ ಸೋನೆ ಬಿದ್ದಿದೆ. ಬುಡದ ಎಲೆಗಳನ್ನು ಮುರಿದು ಕಂಕುಳಲ್ಲಿ ಅವುಚಿಕೊಂಡು ಹೆಂಗಸರು ಸಾಲಿನುದ್ದಕ್ಕೂ ಸಾಗುತ್ತಾರೆ. ಸೀರೆ, ರವಿಕೆ, ಮೈ ಎಲ್ಲ ಒದ್ದೆ. ಮಧ್ಯಾಹ್ನದ ಹೊತ್ತಿಗೆ ಒಬ್ಬಳಿಗೆ ತಲೆ ಸುತ್ತು, ಹೊಟ್ಟೆ ತೊಳಸು, ವಾಂತಿ. ಪಿತ್ತ ಏರಿದೆ, ಹಸಿದ ಹೊಟ್ಟೆಯಲ್ಲಿ ಬಿಸಿಲಿಗೆ ಬಂದಳು ಎನ್ನುತ್ತಾರೆ. ನಿಂಬೆಹಣ್ಣಿನ ಪಾನಕ ಕೊಟ್ಟು ಮರದ ನೆರಳಲ್ಲಿ ಮಲಗಿಸುತ್ತಾರೆ. ಎಷ್ಟೋ ಕಡೆ ಆ ದಿನ ಅರ್ಧ ಕೂಲಿ.

ಅದು ಪಿತ್ತವಲ್ಲ. ಸೊಪ್ಪಿನಲ್ಲಿರುವ ನಿಕೋಟಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಎಲೆಯ ಮೇಲಿನ ಇಬ್ಬನಿಯಲ್ಲಿ, ಮಳೆನೀರಿನಲ್ಲಿ ಕರಗಿ, ಒದ್ದೆಯಾದ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ವೈದ್ಯಶಾಸ್ತ್ರದಲ್ಲಿ ಇದನ್ನು ಹಸಿರು ಹೊಗೆಸೊಪ್ಪಿನ ಕಾಯಿಲೆ ಎನ್ನುತ್ತಾರೆ. ಕೆಲಸ ಮಾಡಿದ ಕೆಲವೇ ಗಂಟೆಗಳಲ್ಲಿ ತಲೆನೋವು, ವಾಕರಿಕೆ, ನಿಶ್ಶಕ್ತಿ ಬರುತ್ತವೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತವೆ. ಬೀಡಿ ಸೇದಿ ಅಭ್ಯಾಸವಾದ ಗಂಡಸಿನ ದೇಹ ಇದನ್ನು ಸ್ವಲ್ಪ ತಾಳಿಕೊಳ್ಳುತ್ತದೆ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಹೆಂಗಸು, ಶಾಲೆ ತಪ್ಪಿಸಿ ಬಂದ ಹುಡುಗ ಹೆಚ್ಚು ನರಳುತ್ತಾರೆ. ಸೇದದವರೇ ಸೇದುವವರ ವಿಷವನ್ನು ಹೆಚ್ಚಾಗಿ ಉಣ್ಣುವ ಈ ವಿಚಿತ್ರವನ್ನು ಪಾಠದಲ್ಲಿ ಓದಿದ ದಿನ ನನಗೆ ಪುಸ್ತಕ ಮುಚ್ಚಿಡುವ ಹಾಗಾಯಿತು.

ಆಮೇಲೆ ಬ್ಯಾರನ್. ಸೊಪ್ಪನ್ನು ಕಡ್ಡಿಗೆ ಕಟ್ಟಿ ಏರಿಸಿದ ಮೇಲೆ ಐದಾರು ದಿನ ಹಗಲಿರುಳು ಬೆಂಕಿಯ ಹದ ಕಾಯಬೇಕು. ಬಿಸಿ ಹೆಚ್ಚಿದರೂ ಕಡಿಮೆಯಾದರೂ ವರ್ಷದ ದುಡಿಮೆ ಹಾಳು. ಒಂದು ಕಿಲೋ ಸೊಪ್ಪು ಬೇಯಿಸಲು ನಾಲ್ಕೈದು ಕಿಲೋ ಸೌದೆ ಬೇಕೆಂದು ಹೇಳುತ್ತಾರೆ. ಸೌದೆಯ ಲೆಕ್ಕವನ್ನಾದರೂ ಎಲ್ಲರೂ ಇಡುತ್ತಾರೆ. ನಿದ್ದೆಗೆಟ್ಟ ರಾತ್ರಿಗಳ ಲೆಕ್ಕ ಇಡುವವರಿಲ್ಲ. ಹರಾಜು ಶುರುವಾದ ಮೇಲೆ ನಿದ್ದೆ ಬೇರೆ ಕಾರಣಕ್ಕೆ ಹೋಗುತ್ತದೆ. 2015ರಲ್ಲಿ ಬೆಲೆ ಬಿದ್ದಾಗ ಸಾಲದಲ್ಲಿ ಸಿಕ್ಕಿದ ಬೆಳೆಗಾರರ ಆತ್ಮಹತ್ಯೆಯ ಸುದ್ದಿಗಳು ನಮ್ಮ ಸೀಮೆಯಿಂದಲೇ ಬಂದವು. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದ ಪ್ರಕಾರ ಆರೋಗ್ಯವೆಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ. ದೇಹ, ಮನಸ್ಸು, ಸಮಾಜದ ಬಾಳು ಮೂರೂ ಕ್ಷೇಮವಾಗಿರುವುದು. ಪರೀಕ್ಷೆಗೆ ಬರೆಯಲು ಚೆನ್ನಾಗಿದೆ. ಆದರೆ ಹೆಂಚಿನ ಮನೆ, ಮಗನ ಡಿಪ್ಲೊಮಾ, ಮಗಳ ಮದುವೆ ಎಲ್ಲವೂ ಸೊಪ್ಪಿನ ಹಣದಿಂದಲೇ ಆದ ಮನೆಯಲ್ಲಿ ಈ ಮೂರು ಒಂದನ್ನೊಂದು ತಿನ್ನುತ್ತಿರುತ್ತವೆ. ಅಂಥ ಮನೆಗೆ ಹೋಗಿ ಯಾವುದನ್ನು ಬಿಡಿ ಎಂದು ಹೇಳಲಿ?

ಹಾಗಾದರೆ ಹರಕೆ ಹೊರಬಹುದೇ? ಹೊರಬಹುದು ಎಂದೇ ನನಗೆ ತೋರುತ್ತದೆ. ಅನ್ನ ಕೇಳುವವನನ್ನು ಸಂತರು ಬಾಗಿಲಿನಿಂದ ಅಟ್ಟಲಾರರು. ಕಳೆದುಹೋದದ್ದನ್ನು ಹುಡುಕಿಕೊಡುವವರೆಂದು ಹೆಸರಾದ ಅಂತೋಣಿಯವರನ್ನು, ನಮ್ಮ ಹೊಲದಿಂದ ಕಳೆದುಹೋದ ಬೇರೆ ದಾರಿಯನ್ನೂ ಹುಡುಕಿಕೊಡಿ ಎಂದು ಕೇಳಿದರೆ ಇನ್ನೂ ಒಳ್ಳೆಯದು. ಆದರೆ ಕಿಲೋಗೆ ಇಷ್ಟು ಸಿಗಲಿ ಎಂದು ಬೇಡುವ ಯಜಮಾನನ ಬೇಡಿಕೆಯಲ್ಲಿ ಆ ಕಿಲೋವನ್ನು ಒದ್ದೆ ಸೀರೆಯಲ್ಲಿ ಹೊತ್ತವಳಿಗೂ ಜಾಗ ಇರಬೇಕು. ಬೆಳೆ ಬಿಡುವುದು ಇಂದೇ ಅವನ ಕೈಯಲ್ಲಿ ಇಲ್ಲದಿರಬಹುದು. ಎಲೆಯ ನೀರು ಆರುವವರೆಗೆ ಕಾದು ಕೆಲಸ ಶುರುಮಾಡುವುದು ಅವನ ಕೈಯಲ್ಲಿದೆ. ಕೂಲಿಯವರಿಗೆ ರಬ್ಬರ್ ಕೈಗವಸು, ಮೈಗೆ ಪ್ಲಾಸ್ಟಿಕ್ ಹೊದಿಕೆ, ಕೈತೊಳೆಯಲು ಸೋಪು ನೀರು ಕೊಡುವುದು ಅವನ ಕೈಯಲ್ಲಿದೆ. ಕೈಗವಸಿನಲ್ಲಿ ಸೆಕೆಯಾಗುತ್ತದೆ, ಕೆಲಸ ನಿಧಾನವಾಗುತ್ತದೆ, ನಿಜ. ಆ ನಿಧಾನದ ನಷ್ಟವನ್ನು ಯಾರು ಹೊರಬೇಕೆಂಬುದೇ ಇಲ್ಲಿಯ ಧರ್ಮಪ್ರಶ್ನೆ. ಅದನ್ನು ಹೆಂಗಸರ ಮೈಮೇಲೆ ಹೊರಿಸಿ ನಾವು ದೂರದ ಸಿಗರೇಟಿನ ಬಗ್ಗೆ ಮರುಗಿದರೆ ಏನು ಬಂತು? ವಾಂತಿಯಾಗಿ ಮಲಗಿದವಳ ಕೂಲಿ ಕತ್ತರಿಸುವುದಂತೂ ಯಾವ ಬೆಳೆಯ ಹೊಲದಲ್ಲೂ ಅನ್ಯಾಯವೇ.

ಮಕ್ಕಳನ್ನು ಒದ್ದೆ ಸೊಪ್ಪಿನ ಹತ್ತಿರಕ್ಕೆ ಬಿಡಲೇಬೇಡಿ. ಚಿಕ್ಕ ಮೈಗೆ ಕಡಿಮೆ ವಿಷವೂ ಹೆಚ್ಚೇ. ಹೊಲದಿಂದ ಬಂದವರು ಒದ್ದೆ ಬಟ್ಟೆಯನ್ನು ತಕ್ಷಣ ಬದಲಿಸಿ, ಸೋಪು ಹಚ್ಚಿ ಮೈ ತೊಳೆದುಕೊಂಡು ಆಮೇಲೆ ಮಗುವನ್ನು ಎತ್ತಿಕೊಳ್ಳಲಿ. ವಾಂತಿ ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಪಾನಕದಲ್ಲೇ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳಿಗ್ಗೆ ಸೊಪ್ಪು ಮುರಿಯುತ್ತಿದ್ದರು ಎಂಬುದನ್ನೂ, ಆ ವಾರ ಹೊಲಕ್ಕೆ ಔಷಧಿ ಹೊಡೆದಿದ್ದರೆ ಅದರ ಹೆಸರನ್ನೂ ವೈದ್ಯರಿಗೆ ಮರೆಯದೆ ಹೇಳಿ. ಹೇಳದಿದ್ದರೆ ಅವರು ಹಿಂದಿನ ರಾತ್ರಿಯ ಊಟವನ್ನೇ ವಿಚಾರಿಸುತ್ತಾ ಕೂರಬೇಕಾಗುತ್ತದೆ.