ವಿದ್ಯಾಲಯದ ಹೊಗೆ

ಊರಿಗೆಲ್ಲ ಬುದ್ಧಿ ಹೇಳುವವನ ಮನೆಯ ಒಲೆ ಹೇಗೆ ಉರಿಯುತ್ತಿದೆ ಎಂದು ಇಣುಕಿ ನೋಡುವುದು ನಮ್ಮ ಜನಕ್ಕೆ ಹುಟ್ಟುಗುಣ. ಅದೇನೂ ಕೆಟ್ಟ ಗುಣವಲ್ಲ. ವಿಶ್ವವಿದ್ಯಾಲಯಗಳ ವಿಷಯದಲ್ಲಿ ಇಂದು ಹಾಗೆ ಇಣುಕಲೇಬೇಕಾಗಿದೆ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿದರೆ ಭೂಮಿ ಕಾಯುವುದೆಂದು 1896ರಲ್ಲೇ ಲೆಕ್ಕ ಹಾಕಿ ತೋರಿಸಿದವನು ಸ್ಟಾಕ್‌ಹೋಮಿನ ಪ್ರಾಧ್ಯಾಪಕ ಅರೇನಿಯಸ್. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅದನ್ನು ಅಳೆಯತೊಡಗಿದ ಕೀಲಿಂಗನೂ ಒಂದು ವಿದ್ಯಾಸಂಸ್ಥೆಯವನೇ. ಆಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಇದ್ದುದು ಈಗ 420ನ್ನು ದಾಟಿದೆ. ಅರಿವು ಮೊದಲು ಮೂಡಿದ್ದು ವಿದ್ಯಾಲಯದಲ್ಲಿ. ಅರಿತವನ ಹೊಣೆ ಅರಿಯದವನದಕ್ಕಿಂತ ಹೆಚ್ಚಲ್ಲವೆ?

ಇದಕ್ಕೊಂದು ಉತ್ತರವುಂಟು. ವಿದ್ಯಾಲಯದ ಕೆಲಸ ತಿಳಿವನ್ನು ಬೆಳೆಸುವುದು. ಕೋಣೆಕೋಣೆಗೆ ಹೋಗಿ ದೀಪ ಆರಿಸುವುದಲ್ಲ. ಜಗತ್ತಿನ ಹೊಗೆಯ ಮುಂದೆ ಅದರ ಹೊಗೆ ಎಷ್ಟರದು? ಈ ಮಾತು ಸುಳ್ಳಲ್ಲ. ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಬೆಂಗಳೂರಿನ ವಿಜ್ಞಾನ ಸಂಸ್ಥೆಯನ್ನೇ ನೋಡಿ. 1974ರಲ್ಲಿ ವಿದ್ಯುದ್ರಸಾಯನ ತಜ್ಞ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಪ್ರಯೋಗಶಾಲೆಯವರು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ನೀರಿಗಾಗಿ ಹೆಂಗಸರು ಎಷ್ಟು ನಡೆಯುತ್ತಾರೆ ಎಂದು ಬರೆದುಕೊಂಡರು. ಹಳೆಯ ಒಲೆಯಲ್ಲಿ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ತಾಗಿದರೆ ಹೆಚ್ಚು. ಉಳಿದದ್ದು ಗೋಡೆಗೆ, ಕಣ್ಣಿಗೆ. ಮೂರು ಪಾತ್ರೆ ಕೂರುವ, ಹೊಗೆಕೊಳವೆಯುಳ್ಳ 'ಅಸ್ತ್ರ ಒಲೆ' ಹೀಗೆ ಬಂತು.

ಪುರ ಎಂಬ ಹಳ್ಳಿಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಊರಿನ ಸಗಣಿಯಿಂದ ಅನಿಲ ಮಾಡಿ ಅಡುಗೆಗೆ ಕೊಡಬೇಕೆಂದು ಮೊದಲು ಎಣಿಸಿದ್ದರು. ಎಲ್ಲ ಒಲೆಗಳಿಗೂ ಅದು ಸಾಲಲಿಲ್ಲ. ಜನಕ್ಕೆ ಮುಖ್ಯವಾಗಿ ಬೇಕಾಗಿದ್ದುದು ನೀರು. ವಿದ್ವಾಂಸರು ಹಟ ಹಿಡಿಯದೆ ಅದೇ ಅನಿಲದಿಂದ ಯಂತ್ರ ನಡೆಸಿ, 1987ರ ವೇಳೆಗೆ ಕೊಳವೆಬಾವಿಯ ನೀರನ್ನೂ ಮನೆಗಳಿಗೆ ವಿದ್ಯುದ್ದೀಪವನ್ನೂ ಕೊಟ್ಟರು. ಸಗಣಿಯ ಬಗ್ಗಡ ಗೊಬ್ಬರವಾಗಿ ರೈತನಿಗೆ ಹಿಂತಿರುಗಿತು. ಪಂಡಿತರು ಪಾಮರರ ಮಾತಿಗೆ ಕಿವಿಗೊಟ್ಟದ್ದು ನಮ್ಮ ನಾಡಿನಲ್ಲಿ ಸಣ್ಣ ಸಂಗತಿಯೆ? ಮುಂದೆ ರೆಡ್ಡಿಯವರು ಮತ್ತು ಸಂಗಡಿಗರು ಕರ್ನಾಟಕಕ್ಕೆ ಎಷ್ಟು ವಿದ್ಯುತ್ತು ಬೇಕೆಂದು ಲೆಕ್ಕವಿಟ್ಟು, ಸರ್ಕಾರಿ ಅಂದಾಜಿಗಿಂತ ಬಹಳ ಕಡಮೆಯಲ್ಲೇ ನಾಡನ್ನು ನಡೆಸಬಹುದೆಂದು ವಾದಿಸಿದರು. ಅಂಥ ಒಂದು ಲೆಕ್ಕದ ಮುಂದೆ ಆವರಣದ ನೂರು ದೀಪ ಆರಿಸುವುದು ಏನೂ ಅಲ್ಲ, ನಿಜ.

ಆದರೂ ಪುರದ ಗೃಹಿಣಿ ಒಂದು ಪ್ರಶ್ನೆ ಕೇಳಬಹುದು: "ಸ್ವಾಮಿ, ನನ್ನ ಒಲೆ ಅಳೆದಿರಿ. ನಿಮ್ಮದು?" ಅವಳ ಸೌದೆ ಮತ್ತೆ ಚಿಗುರೀತು, ವಿದ್ವಾಂಸನ ವಿಮಾನ ಸುಟ್ಟ ಎಣ್ಣೆ ಚಿಗುರದು. 'ನಿಮ್ಮದು?' ಎಂಬುದು ಪ್ರಮಾಣದ ಪ್ರಶ್ನೆಯಲ್ಲ, ಹೇಳುವ ಅಧಿಕಾರದ ಪ್ರಶ್ನೆ. ಪರಿಸರ ದಿನದಂದು ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಂಡರೆ ಅದಕ್ಕೆ ಉತ್ತರವಾಗದು. (ಆ ಸಸಿಗೆ ಮರುದಿನ ನೀರೆರೆಯುವವರೂ ಕಡಮೆ.) ಕಲ್ಲಿದ್ದಲು, ಎಣ್ಣೆಯ ಕಂಪನಿಗಳಲ್ಲಿ ಹೂಡಿದ ಹಣವನ್ನು 2030ರೊಳಗೆ ಹಿಂತೆಗೆಯುವುದಾಗಿ ಕೇಂಬ್ರಿಜ್ 2020ರಲ್ಲಿ ಸಾರಿತು. ಅಷ್ಟು ಹೇಳುವುದಕ್ಕೂ ವಿದ್ಯಾರ್ಥಿಗಳು ವರ್ಷಗಟ್ಟಲೆ ಕೂಗಬೇಕಾಯಿತು.

ತೊಡಕು ಬರುವುದು ಬಿಡುವ ಸರದಿಯಲ್ಲಿ. ಹೊರದೇಶದ ಸಭೆಗಳನ್ನು ಬೇಕಾದಷ್ಟು ನೋಡಿ ಬಂದ ಪ್ರೊಫೆಸರು ಇನ್ನು ಪರದೆಯ ಮೇಲೆಯೇ ಮಾತಾಡಲಿ, ವಿದ್ಯೆಗೆ ನಷ್ಟವಿಲ್ಲ. ಅದೇ ಕಟ್ಟಳೆಯನ್ನು ತೋರಿಸಿ, ತನ್ನ ಮೊದಲ ಪ್ರಬಂಧ ಓದಲು ಹೊರಟ ಹಳ್ಳಿಯ ಹುಡುಗಿಯ ಟಿಕೆಟ್ಟಿಗೆ ಕತ್ತರಿ ಹಾಕುವ ಕಚೇರಿಯನ್ನು ಮಾತ್ರ ನಾನು ಒಪ್ಪಲಾರೆ.